ಥರೋಬ್ರೆಡ್ ಹೆಣ್ಣು ಕುದುರೆಗೆ ಪ್ರತಿ ವರ್ಷ ಮರಿ ಬೇಕಾ, ನಡುವೆ ಒಂದು ವರ್ಷ ಖಾಲಿ ಬಿಡಬೇಕಾ?

ಥರೋಬ್ರೆಡ್ ಅಂದರೆ ರೇಸಿಗೆಂದೇ ಬೆಳೆಸುವ ಕುದುರೆ ತಳಿ. ರೇಸ್ ಮುಗಿಸಿದ ಹೆಣ್ಣು ಕುದುರೆಯನ್ನು ಮರಿ ಹಾಕಿಸುವ ಸ್ಟಡ್ ಫಾರ್ಮ್‌ಗೆ ಕಳಿಸಿದ ಮೇಲೆ ಮಾಲೀಕರ ತಲೆಯಲ್ಲಿ ಓಡುವ ಪ್ರಶ್ನೆ ಇದು. ಪ್ರತಿ ವರ್ಷ ಗಬ್ಬ ಕಟ್ಟಿಸೋದಾ, ಇಲ್ಲ ವರ್ಷ ಬಿಟ್ಟು ವರ್ಷನಾ? ಒಬ್ಬರು "ಬಿಡುವಿಲ್ಲದೆ ಈಯಿಸಿದರೆ ಕುದುರೆ ಸೊರಗುತ್ತದೆ, ಮರಿ ಕಳಪೆ ಆಗುತ್ತದೆ" ಅನ್ನುತ್ತಾರೆ. ಇನ್ನೊಬ್ಬರು "ಖಾಲಿ ನಿಂತ ಕುದುರೆ ಬರೀ ಮೇವು ತಿನ್ನುತ್ತದೆ" ಅನ್ನುತ್ತಾರೆ. ಇಬ್ಬರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ, ಆದರೆ ಇಬ್ಬರೂ ಮರಿ ಹುಟ್ಟುವ ತಾರೀಖಿನ ಲೆಕ್ಕ ಬಿಟ್ಟು ಮಾತಾಡುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆರೋಗ್ಯವಾಗಿರುವ, ಹದಿಮೂರು ಹದಿನಾಲ್ಕು ವರ್ಷ ದಾಟದ ಕುದುರೆಗೆ ಬಿಡುವು ಕೊಟ್ಟರೆ ಮುಂದಿನ ಮರಿ ತಾನಾಗಿ ಉತ್ತಮ ಆಗಿಬಿಡುವುದಿಲ್ಲ. ಖಾಲಿ ಬಿಟ್ಟ ವರ್ಷದಿಂದ ಸಿಗುವುದು ಮುಖ್ಯವಾಗಿ ಒಂದು ಒಳ್ಳೆ ತಾರೀಖು. ಆ ತಾರೀಖು ನಿಮಗೆ ಬೇಕಾ, ಬೇಡವಾ ಅನ್ನುವುದರ ಮೇಲೆ ಉಳಿದದ್ದು ನಿಂತಿದೆ.

ಇಪ್ಪತ್ತೈದು ದಿನದ ಲೆಕ್ಕ

ಥರೋಬ್ರೆಡ್‌ನಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವಿಲ್ಲ. ಭ್ರೂಣ ತೆಗೆದು ಬೇರೆ ಕುದುರೆಯ ಹೊಟ್ಟೆಯಲ್ಲಿ ಬೆಳೆಸುವುದಕ್ಕೂ ಇಲ್ಲ. ಗಂಡು ಕುದುರೆಯೇ ಹೆಣ್ಣಿನ ಮೇಲೆ ಹಾರಬೇಕು, ಆ ಹೆಣ್ಣೇ ಹೊತ್ತು ಹೆರಬೇಕು. ಇಲ್ಲದಿದ್ದರೆ ಜಗತ್ತಿನ ಯಾವ ಸ್ಟಡ್ ಬುಕ್ಕೂ, ಅಂದರೆ ತಳಿಯ ವಂಶಾವಳಿ ದಾಖಲೆಯೂ, ಮರಿಯನ್ನು ಒಪ್ಪುವುದಿಲ್ಲ. ಬೇಡಿಕೆ ಇರುವ ಬೀಜದ ಕುದುರೆ ಒಂದು ಸೀಸನ್ನಿಗೆ ನೂರಕ್ಕೂ ಜಾಸ್ತಿ ಹೆಣ್ಣು ಕುದುರೆಗಳಿಗೆ ಹಾರುತ್ತದೆ. (ಅಮೆರಿಕದ ಸ್ಟಡ್ ಬುಕ್ ನೋಡಿಕೊಳ್ಳುವ ಜಾಕಿ ಕ್ಲಬ್ ಇದಕ್ಕೆ 140ರ ಮಿತಿ ಹಾಕಲು 2020ರಲ್ಲಿ ನಿಯಮ ತಂದಿತ್ತು, 2022ರಲ್ಲಿ ತಾನೇ ವಾಪಸ್ ಪಡೆಯಿತು.) ಹೆಣ್ಣಿಗೆ ಮಾತ್ರ ವರ್ಷಕ್ಕೆ ಒಂದೇ ಮರಿ, ಅದೂ ಎಲ್ಲ ಸರಿಯಾಗಿ ಕೂಡಿ ಬಂದರೆ.

ಕುದುರೆಯ ಗಬ್ಬದ ಅವಧಿ ಸುಮಾರು 340 ದಿನ. ಕೆಲವು 320ಕ್ಕೇ ಮರಿ ಹಾಕುತ್ತವೆ, ಕೆಲವು 360 ದಾಟಿಸುತ್ತವೆ. ವರ್ಷದ 365ರಲ್ಲಿ 340 ಕಳೆದರೆ ಉಳಿಯುವುದು 25 ದಿನ. ಅಂದರೆ ಪ್ರತಿ ವರ್ಷ ಅದೇ ತಾರೀಖಿಗೆ ಮರಿ ಬೇಕಾದರೆ ಈದ 25 ದಿನದೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಹಸು ಸಾಕಿದವರಿಗೆ ಇದು ಎಷ್ಟು ಬಿಗಿ ಅಂತ ತಟ್ಟನೆ ಗೊತ್ತಾಗುತ್ತದೆ. ಹಸುವಿನ ಗಬ್ಬ ಸುಮಾರು 280 ದಿನ, ಅಲ್ಲಿ ಎರಡೂವರೆ ತಿಂಗಳಿಗೂ ಜಾಸ್ತಿ ಸಮಯ ಕೈಯಲ್ಲಿರುತ್ತದೆ.

ಇದಕ್ಕೆ ಹುಟ್ಟುಹಬ್ಬದ ನಿಯಮ ಸೇರಿಸಿಕೊಳ್ಳಿ. ಭಾರತ, ಬ್ರಿಟನ್, ಅಮೆರಿಕ ಎಲ್ಲ ಕಡೆ ಥರೋಬ್ರೆಡ್‌ಗಳ ವಯಸ್ಸು ಜನವರಿ 1ಕ್ಕೆ ಒಂದು ವರ್ಷ ಏರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಆಗಸ್ಟ್ 1ಕ್ಕೆ. ಜನವರಿ ಕೊನೆಯಲ್ಲಿ ಹುಟ್ಟಿದ ಮರಿಯೂ ಮೇ ಕೊನೆಯಲ್ಲಿ ಹುಟ್ಟಿದ ಮರಿಯೂ ಕಾಗದದ ಮೇಲೆ ಒಂದೇ ವಯಸ್ಸಿನವು, ಆದರೆ ಎರಡು ವರ್ಷದ ಕುದುರೆಗಳ ರೇಸ್‌ನಲ್ಲಿ ನಾಲ್ಕು ತಿಂಗಳ ಎಲುಬು, ಮಾಂಸ, ಬುದ್ಧಿ ಅಂದರೆ ಸಣ್ಣ ವಿಷಯ ಅಲ್ಲ. ಹರಾಜಿನಲ್ಲೂ ಹಾಗೇ, ದೊಡ್ಡದಾಗಿ ಕಾಣುವ ಮರಿಗೆ ಜನ ಕೈ ಎತ್ತುತ್ತಾರೆ. ಇನ್ನು ಡಿಸೆಂಬರ್ 31ಕ್ಕೆ ಹುಟ್ಟಿದ ಮರಿಯ ಕಥೆ ಕೇಳಲೇಬೇಡಿ, ಮರುದಿನ ಬೆಳಿಗ್ಗೆಯೇ ಅದಕ್ಕೆ ಲೆಕ್ಕದಲ್ಲಿ ಒಂದು ವರ್ಷ! ಉತ್ತರ ಗೋಳದ ಸೀಸನ್ ಫೆಬ್ರವರಿ ಮಧ್ಯದಲ್ಲಿ ಶುರುವಾಗುವುದು ಅದಕ್ಕೇ. ಫೆಬ್ರವರಿ 15ಕ್ಕೆ ಗಬ್ಬ ನಿಂತ ಕುದುರೆ 320 ದಿನಕ್ಕೇ ಈದರೂ ಜನವರಿ 1 ಆಗಿರುತ್ತದೆ.

ಈಗ ಆಯ್ಕೆಗಳನ್ನು ನೋಡೋಣ. ಮೂರಿವೆ.

ಮೊದಲನೆಯದು: ಈದ ಬೆದೆಯಲ್ಲೇ ಹಾರಿಸುವುದು

ಮರಿ ಹಾಕಿದ ಒಂದು ವಾರದ ಆಸುಪಾಸಿನಲ್ಲಿ ಕುದುರೆ ಮತ್ತೆ ಬೆದೆಗೆ ಬರುತ್ತದೆ. ಸ್ಟಡ್ ಫಾರ್ಮ್‌ಗಳಲ್ಲಿ ಇದಕ್ಕೆ ಫೋಲ್ ಹೀಟ್ ಅನ್ನುತ್ತಾರೆ. ಅಂಡ ಬಿಡುವುದು ಸಾಮಾನ್ಯವಾಗಿ ಹತ್ತನೇ ದಿನದ ಹತ್ತಿರ. ಫೆಬ್ರವರಿ 20ಕ್ಕೆ ಈದ ಕುದುರೆ ಮಾರ್ಚ್ 2ಕ್ಕೆ ಗಬ್ಬ ನಿಂತರೆ ಮುಂದಿನ ಮರಿ ಫೆಬ್ರವರಿ 5ರ ಸುಮಾರಿಗೆ. ಹದಿನೈದು ದಿನ ಲಾಭ. ತಾರೀಖು ಹಿಂದಕ್ಕೆ ಎಳೆದುಕೊಳ್ಳುವ ದಾರಿ, ಖಾಲಿ ವರ್ಷ ಬಿಟ್ಟರೆ, ಇದೊಂದೇ.

ತೊಂದರೆ ಇರುವುದು ಗರ್ಭಕೋಶದಲ್ಲಿ. ಐವತ್ತು ಕೆಜಿ ಆಸುಪಾಸಿನ ಮರಿ ಹೊರಬಂದ ಮೇಲೆ ಅದು ಮತ್ತೆ ಕುಗ್ಗಿ, ಒಳಪದರ ಹೊಸದಾಗಿ, ಇದ್ದಬದ್ದ ನೀರು, ಸೋಂಕು ಹೊರಹಾಕಲು ಸುಮಾರು ಎರಡು ವಾರ ಬೇಕು. ಹೊಸ ಭ್ರೂಣ ಅಂಡನಾಳದಿಂದ ಗರ್ಭಕೋಶಕ್ಕೆ ಇಳಿಯುವುದು ಅಂಡ ಬಿಟ್ಟ ಐದಾರು ದಿನಕ್ಕೆ. ಹಾಗಾಗಿ ಎಂಟನೇ ದಿನಕ್ಕೆ ಅಂಡ ಬಿಟ್ಟರೆ ಭ್ರೂಣ ಹದಿಮೂರು ಹದಿನಾಲ್ಕನೇ ದಿನ ಇನ್ನೂ ರಿಪೇರಿ ಮುಗಿಯದ ಜಾಗಕ್ಕೆ ಬರುತ್ತದೆ. ಹನ್ನೊಂದನೇ ದಿನಕ್ಕೆ ಬಿಟ್ಟರೆ ಜಾಗ ಹೆಚ್ಚುಕಡಿಮೆ ಸಿದ್ಧವಾಗಿರುತ್ತದೆ. ಹತ್ತನೇ ದಿನಕ್ಕೆ ಮೊದಲು ಅಂಡ ಬಿಟ್ಟವುಗಳಲ್ಲಿ ಗಬ್ಬ ನಿಲ್ಲುವುದು ಕಡಿಮೆ, ನಿಂತರೂ ಕಳೆದುಕೊಳ್ಳುವುದು ಜಾಸ್ತಿ ಅನ್ನುವುದಕ್ಕೆ ಕಾರಣ ಇದೇ. ಪಶುವೈದ್ಯರು ಸ್ಕ್ಯಾನ್ ಮಾಡಿ ಅಂಡ ಇರುವ ಗುಳ್ಳೆ ಎಷ್ಟು ಬೆಳೆದಿದೆ, ಗರ್ಭಕೋಶದಲ್ಲಿ ನೀರು ನಿಂತಿದೆಯಾ ಅಂತ ನೋಡಿದ ಮೇಲೆಯೇ ತೀರ್ಮಾನ ಆಗಬೇಕು. ಕ್ಯಾಲೆಂಡರ್ ನೋಡಿ ಸುಮ್ನೆ "ಒಂಬತ್ತನೇ ದಿನ ಹಾರಿಸಿ" ಅನ್ನುವವರ ಮಾತು ಕೇಳಬೇಡಿ.

ನಾನಾದರೆ ಈ ಬೆದೆಯಲ್ಲಿ ಹಾರಿಸಲು ಒಪ್ಪುವುದು ಇಷ್ಟೆಲ್ಲ ಕೂಡಿದಾಗ ಮಾತ್ರ: ಹೆರಿಗೆ ಸುಲಭವಾಗಿ ಆಗಿದೆ, ಮಾಸು ಮೂರು ಗಂಟೆಯೊಳಗೆ ಪೂರ್ತಿ ಬಿದ್ದಿದೆ, ಎಲ್ಲೂ ಹರಿದಿಲ್ಲ, ಸ್ಕ್ಯಾನ್‌ನಲ್ಲಿ ನೀರು ಕಾಣುತ್ತಿಲ್ಲ, ಅಂಡ ಹತ್ತನೇ ದಿನ ಅಥವಾ ಅದರ ನಂತರ ಬಿಡುವ ಹಾಗಿದೆ, ಕುದುರೆಗೆ ಹನ್ನೆರಡು ವರ್ಷ ದಾಟಿಲ್ಲ. ಒಂದು ತಪ್ಪಿದರೂ ಮುಂದಿನ ಬೆದೆ.

ಇನ್ನೊಂದು ವಿಷಯವನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೀಜದ ಕುದುರೆ ಬೇರೆ ಫಾರ್ಮ್‌ನಲ್ಲಿದ್ದರೆ ತಾಯಿಯನ್ನು ಗಾಡಿ ಹತ್ತಿಸಬೇಕು. ಹತ್ತು ದಿನದ ಮರಿಯನ್ನು ಜೊತೆಗೆ ಒಯ್ಯಬೇಕು, ಇಲ್ಲವೇ ಕೆಲವು ಗಂಟೆ ಬಿಟ್ಟು ಹೋಗಬೇಕು. ಅದೇ ಹೊತ್ತಿಗೆ ಮರಿಗಳಿಗೆ ಭೇದಿ ಬೇರೆ. ತಾಯಿ ಬೆದೆಗೆ ಬಂದಾಗ ಹಾಲು ಕೆಡುತ್ತದೆ, ಅದಕ್ಕೇ ಭೇದಿ ಅಂತ ಹಳಬರು ಹೇಳುತ್ತಿದ್ದರು. ನಿಜವಾಗಿ ಅದು ಮರಿಯ ಕರುಳು ಹೊಂದಿಕೊಳ್ಳುವ ಕಾಲ, ತಾಯಿಯ ಬೆದೆಗೂ ಅದಕ್ಕೂ ಸಂಬಂಧವಿಲ್ಲ. ಏನೇ ಇರಲಿ, ಅಂಥ ಮರಿಯನ್ನು ರಸ್ತೆಗೆ ಇಳಿಸುವುದು ನನಗೆ ಇಷ್ಟವಿಲ್ಲ.

ಎರಡನೆಯದು: ಒಂದು ಬೆದೆ ಬಿಟ್ಟು ಹಾರಿಸುವುದು

ಕುದುರೆಯ ಬೆದೆ ಚಕ್ರ 21 ದಿನ. ಹಾಗಾಗಿ ಮುಂದಿನ ಅವಕಾಶ ಈದ ಮೂವತ್ತನೇ ದಿನದ ಹತ್ತಿರ. ಗರ್ಭಕೋಶ ಅಷ್ಟರಲ್ಲಿ ಸಿದ್ಧ, ಮರಿಯೂ ಗಟ್ಟಿಯಾಗಿರುತ್ತದೆ. ಅದೇ ಫೆಬ್ರವರಿ 20ರ ಕುದುರೆ ಮಾರ್ಚ್ 22ಕ್ಕೆ ನಿಂತರೆ ಮರಿ ಮುಂದಿನ ಫೆಬ್ರವರಿ 25ಕ್ಕೆ. ಐದೇ ದಿನ ತಡ. ಆದರೆ ಆ ಬೆದೆ ತಪ್ಪಿತು ಅಂದುಕೊಳ್ಳಿ, ಏಪ್ರಿಲ್ 12ಕ್ಕೆ ನಿಂತರೆ ಮರಿ ಮಾರ್ಚ್ 18ಕ್ಕೆ ಜಾರುತ್ತದೆ. ಇಂಥದ್ದು ಎರಡು ವರ್ಷ ನಡೆದರೆ ಏಪ್ರಿಲ್ ಮಧ್ಯ ಬಂತು, ಮೂರನೇ ಸಲಕ್ಕೆ ಮೇ. ಯಾರ ತಪ್ಪೂ ಇಲ್ಲದೆಯೇ ತಾರೀಖು ಹೀಗೆ ಜಾರುತ್ತಾ ಹೋಗುತ್ತದೆ.

ಈ ಎರಡರ ಮಧ್ಯೆ ಒಂದು ಉಪಾಯ ಇದೆ. ಈದ ಬೆದೆಯಲ್ಲಿ ಹಾರಿಸದೆ, ಅಂಡ ಬಿಟ್ಟು ಆರೇಳು ದಿನ ಆದ ಮೇಲೆ ಪ್ರೋಸ್ಟಾಗ್ಲಾಂಡಿನ್ ಅನ್ನುವ ಹಾರ್ಮೋನ್ ಇಂಜೆಕ್ಷನ್ ಕೊಟ್ಟರೆ ಕುದುರೆ ಬೇಗ ಮತ್ತೆ ಬೆದೆಗೆ ಬರುತ್ತದೆ. ಮೂವತ್ತು ದಿನ ಕಾಯುವ ಬದಲು ಹೆಚ್ಚುಕಡಿಮೆ ಒಂದು ವಾರ ಉಳಿಯುತ್ತದೆ, ಗರ್ಭಕೋಶಕ್ಕೂ ಬೇಕಾದ ಸಮಯ ಸಿಕ್ಕಿರುತ್ತದೆ. ಹೆಚ್ಚಿನ ಕುದುರೆಗಳಿಗೆ ನನ್ನ ಓಟು ಇದಕ್ಕೇ. ವೈದ್ಯರು ಹತ್ತಿರ ಇರಬೇಕು, ಸ್ಕ್ಯಾನ್ ಮೇಲೆ ಸ್ಕ್ಯಾನ್ ಬೇಕು, ಖರ್ಚು ಸ್ವಲ್ಪ ಜಾಸ್ತಿ. ಆದರೆ ಇಡೀ ವರ್ಷ ಕಳೆದುಕೊಳ್ಳುವ ಖರ್ಚಿನ ಮುಂದೆ ಅದು ಲೆಕ್ಕಕ್ಕಿಲ್ಲ.

ಯಾವ ಬೆದೆಯಲ್ಲಿ ಹಾರಿಸಿದರೂ 14ರಿಂದ 16ನೇ ದಿನದ ಸ್ಕ್ಯಾನ್ ತಪ್ಪಿಸಬೇಡಿ. ಥರೋಬ್ರೆಡ್‌ಗಳಲ್ಲಿ ಒಂದೇ ಬೆದೆಗೆ ಎರಡು ಅಂಡ ಬಿಡುವುದು ಸಾಮಾನ್ಯ, ಅವಳಿ ನಿಂತರೆ ಬಹುಪಾಲು ಕುದುರೆ ಎರಡನ್ನೂ ಕಳೆದುಕೊಳ್ಳುತ್ತದೆ. ಆ ದಿನಗಳಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಉಳಿಸಬಹುದು, ತಡವಾದರೆ ವರ್ಷವೇ ಹೋಗುತ್ತದೆ.

ಮೂರನೆಯದು: ಬೇಕಂತಲೇ ಒಂದು ವರ್ಷ ಖಾಲಿ

ಕುದುರೆ ಮೇ 10ಕ್ಕೆ ಮರಿ ಹಾಕಿತು ಅನ್ನಿ. ಮೂವತ್ತನೇ ದಿನದ ಬೆದೆ ಅಂದರೆ ಜೂನ್ 9. ನಿಂತರೂ ಮುಂದಿನ ಮರಿ ಮೇ 15ಕ್ಕೆ. ನಿಲ್ಲದಿದ್ದರೆ ಸೀಸನ್ನೇ ಮುಗಿಯಿತು. ಇಲ್ಲಿ ಖಾಲಿ ಬಿಡುವುದು ಬುದ್ಧಿವಂತಿಕೆ. ಮುಂದಿನ ಫೆಬ್ರವರಿ 15ಕ್ಕೆ ಹಾರಿಸಿ ಮೊದಲ ಸಲಕ್ಕೇ ನಿಂತರೆ ಅದರ ಮುಂದಿನ ವರ್ಷ ಜನವರಿ 21ರ ಸುಮಾರಿಗೆ ಮರಿ. ಒಂದು ಮರಿ ಬಿಟ್ಟುಕೊಟ್ಟು ನಾಲ್ಕು ತಿಂಗಳ ತಾರೀಖು ಕೊಂಡ ಹಾಗಾಯಿತು, ಆಮೇಲೆ ಮೂರ್ನಾಲ್ಕು ವರ್ಷ ಸತತವಾಗಿ ಹಾರಿಸುವಷ್ಟು ಜಾಗವೂ ಸಿಕ್ಕಿತು.

ಖಾಲಿ ಬಿಟ್ಟ ಕುದುರೆ ಫೆಬ್ರವರಿಗೆ ತಾನಾಗಿ ಬೆದೆಗೆ ಬರುತ್ತದೆ ಅಂತ ಮಾತ್ರ ನಂಬಿಕೊಂಡು ಕೂರಬೇಡಿ. ಕುದುರೆಗೆ ಬೆದೆ ಬರುವುದು ಹಗಲು ಉದ್ದವಾದಾಗ. ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಯೂ ಇರುವುದಿಲ್ಲ, ಜೂನ್‌ನಲ್ಲಿ ಹದಿನಾರು ಗಂಟೆಗೂ ಮೇಲೆ. ಅದಕ್ಕೇ ಅಲ್ಲೂ ಅಮೆರಿಕದ ಕೆಂಟಕಿಯಲ್ಲೂ ಡಿಸೆಂಬರ್ ಶುರುವಿನಿಂದಲೇ ಲಾಯದಲ್ಲಿ ರಾತ್ರಿ ದೀಪ ಹಾಕಿ ಹಗಲನ್ನು 16 ಗಂಟೆಗೆ ಎಳೆಯುತ್ತಾರೆ. ನಮ್ಮ ಕುಣಿಗಲ್ ಕಡೆ, ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಆ ಫಾರ್ಮ್ ಇರುವ ಅಕ್ಷಾಂಶದಲ್ಲಿ, ವರ್ಷದ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಪಂಜಾಬ್ ಕಡೆ ಹೋದಂತೆ ಅದು ಹೆಚ್ಚುತ್ತದೆ. ಹಾಗಾಗಿ ಇಂಗ್ಲಿಷ್ ಪುಸ್ತಕದಲ್ಲಿರುವ ದೀಪದ ಲೆಕ್ಕವನ್ನು ಹಾಗೇ ಇಳಿಸುವ ಬದಲು ನಿಮ್ಮ ಫಾರ್ಮ್‌ನ ವೈದ್ಯರನ್ನು ಕೇಳಿ.

ಇನ್ನೊಂದು ಎಚ್ಚರಿಕೆ. ಹಾರಿಸಿಯೂ ನಿಲ್ಲದೆ ಖಾಲಿ ಉಳಿದ ಕುದುರೆ ಬೇರೆ, ನಾವೇ ಖಾಲಿ ಬಿಟ್ಟ ಕುದುರೆ ಬೇರೆ. ಮೊದಲನೆಯದಕ್ಕೆ ಬಿಡುವು ಔಷಧ ಅಲ್ಲ. ಅದು ಯಾಕೆ ನಿಲ್ಲಲಿಲ್ಲ ಅಂತ ಸೀಸನ್ ಮುಗಿದ ಕೂಡಲೇ ಪರೀಕ್ಷೆ ಆಗಬೇಕು, ಸೋಂಕು ಇದ್ದರೆ ಚಿಕಿತ್ಸೆ ಆಗಬೇಕು. "ಈ ವರ್ಷ ರೆಸ್ಟ್ ಕೊಡೋಣ ಬಿಡಿ" ಅಂತ ಹುಲ್ಲುಗಾವಲಿಗೆ ಬಿಟ್ಟರೆ ಮುಂದಿನ ಫೆಬ್ರವರಿಗೆ ಅದೇ ಸೋಂಕು ಅಲ್ಲೇ ಕೂತಿರುತ್ತದೆ.

ಹಾಗಾದರೆ ಸತತವಾಗಿ ಈದರೆ ಮರಿ ಸೊರಗುವುದಿಲ್ಲವಾ?

ಈ ಭಯ ಎಲ್ಲಿಂದ ಬರುತ್ತದೆ ಅಂತ ಅರ್ಥವಾಗುತ್ತದೆ. ಒಂದು ಕಡೆ ಮರಿ ಹಾಲು ಕುಡಿಯುತ್ತಿದೆ, ಇನ್ನೊಂದು ಕಡೆ ಹೊಟ್ಟೆಯಲ್ಲಿ ಇನ್ನೊಂದು ಬೆಳೆಯುತ್ತಿದೆ, ಕುದುರೆ ಎಷ್ಟಂತ ತಡೆದೀತು? ಆದರೆ ಈ ಎರಡು ಹೊರೆಗಳು ಒಂದೇ ಹೊತ್ತಿಗೆ ಬೀಳುವುದಿಲ್ಲ. ಹಾಲಿನ ಹೊರೆ ಜಾಸ್ತಿ ಇರುವುದು ಈದ ಮೊದಲ ಎರಡು ಮೂರು ತಿಂಗಳು, ಆಗ ಐನೂರು ಕೆಜಿಯ ಕುದುರೆ ದಿನಕ್ಕೆ ಹದಿನೈದು ಲೀಟರ್ ಆಸುಪಾಸು ಹಾಲು ಕೊಡುತ್ತದೆ, ಖಾಲಿ ಇದ್ದಾಗ ಬೇಕಾದ ಶಕ್ತಿಯ ಸುಮಾರು ಎರಡರಷ್ಟು ಬೇಡುತ್ತದೆ. ಹೊಟ್ಟೆಯಲ್ಲಿರುವುದು ಆಗ ಇನ್ನೂ ಚಿಕ್ಕದು. ಅದು ಭರಭರನೆ ತೂಕ ಏರಿಸಿಕೊಳ್ಳುವುದು ಕೊನೆಯ ಮೂರು ತಿಂಗಳಲ್ಲಿ. ಅಷ್ಟರಲ್ಲಿ ದೊಡ್ಡ ಮರಿಗೆ ಹಾಲು ಬಿಡಿಸಿ ಎಷ್ಟೋ ದಿನ ಆಗಿರುತ್ತದೆ, ಯಾಕೆಂದರೆ ಸಾಮಾನ್ಯವಾಗಿ ಐದಾರು ತಿಂಗಳಿಗೆ ಬಿಡಿಸುತ್ತಾರೆ.

ಸೊರಗುವುದು ಮೇವು ಸರಿಯಿಲ್ಲದಾಗ. ಮೈಕಟ್ಟನ್ನು 1ರಿಂದ 9ರವರೆಗೆ ಅಳೆಯುವ ಹೆನ್ನೆಕೆ ಅಳತೆ ಇದೆ, ಹಾರಿಸುವ ಹೊತ್ತಿಗೆ 5ಕ್ಕಿಂತ ಕೆಳಗೆ ಇರಬಾರದು, 6 ಇದ್ದರೆ ನೆಮ್ಮದಿ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಕುದುರೆ ಮೆಂತೆ, ಓಟ್ಸ್, ಒಳ್ಳೆಯ ಒಣಹುಲ್ಲು, ಖನಿಜಾಂಶ, ಇವುಗಳನ್ನು ಹಾಲಿನ ತಿಂಗಳುಗಳಲ್ಲಿ ಧಾರಾಳವಾಗಿ ಕೊಟ್ಟರೆ ಸತತವಾಗಿ ಈಯುವ ಕುದುರೆಯೂ ಮೈ ಉಳಿಸಿಕೊಳ್ಳುತ್ತದೆ. ಅಷ್ಟೆಲ್ಲ ಕೊಟ್ಟರೂ ಮೈ ಬಿಟ್ಟುಬಿಡುವ ಕುದುರೆಗಳು ಇರುತ್ತವೆ. ಹಲ್ಲು, ಹುಳು ಎಲ್ಲ ನೋಡಿದ ಮೇಲೂ ಹಾಗೇ ಇದ್ದರೆ ಅಂಥವಕ್ಕೆ ಬಿಡುವು ಕೊಡಿ. ಅದು ನಿಜವಾದ ಕಾರಣ.

ಮರಿಯ ಗಾತ್ರದ ವಿಷಯಕ್ಕೆ ಬಂದರೆ, ಚಿಕ್ಕ ಮರಿ ಹುಟ್ಟುವುದು ಸಾಮಾನ್ಯವಾಗಿ ಚೊಚ್ಚಲು ಹೆರಿಗೆಯಲ್ಲಿ. ಆಗ ಮಾಸು ಗರ್ಭಕೋಶಕ್ಕೆ ಅಷ್ಟು ವಿಸ್ತಾರವಾಗಿ ಹಿಡಿದಿರುವುದಿಲ್ಲ. ಎರಡನೇ ಸೂಲಿನಿಂದ ಸುಧಾರಿಸುತ್ತದೆ, ವಯಸ್ಸಾದಂತೆ ಮತ್ತೆ ಇಳಿಯುತ್ತದೆ. ಇಲ್ಲಿ ಕೆಲಸ ಮಾಡುತ್ತಿರುವುದು ಸೂಲು ಮತ್ತು ವಯಸ್ಸು.

ಹೆಸರುವಾಸಿ ತಾಯಂದಿರ ಕಡೆ ಒಮ್ಮೆ ನೋಡಿ. ಹಸಿಲಿ ಅನ್ನುವ ಕುದುರೆಗೆ 1998ರಿಂದ 2001ರವರೆಗೆ ಸತತ ನಾಲ್ಕು ವರ್ಷ ನಾಲ್ಕು ಮರಿ: ಬ್ಯಾಂಕ್ಸ್ ಹಿಲ್, ಹೀಟ್ ಹೇಜ್, ಇಂಟರ್‌ಕಾಂಟಿನೆಂಟಲ್, ಕಸೀಕ್. ನಾಲ್ಕೂ ಗ್ರೂಪ್ 1 ಅಥವಾ ಗ್ರೇಡ್ 1, ಅಂದರೆ ಅತಿ ಮೇಲಿನ ದರ್ಜೆಯ ರೇಸ್ ಗೆದ್ದವು. ಫ್ರಾನ್ಸಿನ ದೊಡ್ಡ ರೇಸ್ ಆರ್ಕ್ ಅನ್ನು 1993ರಲ್ಲಿ ಗೆದ್ದ ಅರ್ಬನ್ ಸೀ 1996ರಿಂದ 1999ರವರೆಗೆ ಒಂದು ವರ್ಷವೂ ಬಿಡದೆ ಈದಿತು, ಮೂರನೆಯದು ಮುಂದೆ ಹೆಸರಾಂತ ಬೀಜದ ಕುದುರೆಯಾದ ಗೆಲಿಲಿಯೋ. ಅದೇ ಕುದುರೆ ಹದಿನೇಳನೇ ವಯಸ್ಸಿನಲ್ಲಿ, 2006ರಲ್ಲಿ, ಮುಂದೆ ತಾನೂ ಆರ್ಕ್ ಗೆದ್ದ ಸೀ ದ ಸ್ಟಾರ್ಸ್ ಅನ್ನು ಕೊಟ್ಟಿತು. ಬೆಟರ್ ದ್ಯಾನ್ ಆನರ್ 2003 ಮತ್ತು 2004ರಲ್ಲಿ ಹಾಕಿದ ಜಜೀಲ್, ರಾಗ್ಸ್ ಟು ರಿಚಸ್ ಎರಡೂ ಅಮೆರಿಕದ ದೊಡ್ಡ ರೇಸ್ ಬೆಲ್ಮಾಂಟ್ ಸ್ಟೇಕ್ಸ್ ಗೆದ್ದವು, ಅದೂ 2006, 2007ರಲ್ಲಿ ಒಂದರ ಹಿಂದೆ ಒಂದು. ಇವು ಅಪರೂಪದ ತಾಯಂದಿರು, ಅವಕ್ಕೆ ಸಿಕ್ಕ ಗಂಡು ಕುದುರೆಗಳೂ ಅಪರೂಪದವು, ಹಾಗಾಗಿ ನಿಮ್ಮ ಕುದುರೆಯೂ ಹಾಗೇ ಮಾಡುತ್ತದೆ ಅಂತಲ್ಲ. ಸತತವಾಗಿ ಈದದ್ದು ಮರಿಯ ಗುಣಕ್ಕೆ ಅಡ್ಡಬರಲಿಲ್ಲ ಅನ್ನುವುದಕ್ಕೆ ಮಾತ್ರ ಈ ಉದಾಹರಣೆ.

ಇನ್ನೊಂದು ಮುಖವೂ ಇದೆ. ಅದೇ ಅರ್ಬನ್ ಸೀ 2009ರಲ್ಲಿ ಹೆರಿಗೆಯ ತೊಂದರೆಯಿಂದ ಸತ್ತಿತು. ಅಮೆರಿಕದ ರೇಚಲ್ ಅಲೆಗ್ಸಾಂಡ್ರಾ 2012, 2013ರಲ್ಲಿ ಎರಡು ಮರಿ ಹಾಕಿ, ಎರಡನೇ ಹೆರಿಗೆಯ ನಂತರ ಸಾವಿನ ಬಾಯಿಂದ ಬಂತು. ಆಮೇಲೆ ಅದನ್ನು ಹಾರಿಸಲೇ ಇಲ್ಲ. ಆಸ್ಟ್ರೇಲಿಯಾದ ಹೆಸರಾಂತ ರೇಸ್ ಕುದುರೆ ವಿಂಕ್ಸ್ 2020ರಲ್ಲಿ ಮೊದಲ ಮರಿಯನ್ನು ಕಳೆದುಕೊಂಡಿತು, ಮುಂದಿನ ಮರಿ ಬಂದದ್ದು 2022ರಲ್ಲಿ. ಆ ಹೆಣ್ಣು ಮರಿ 2024ರ ಹರಾಜಿನಲ್ಲಿ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ಹೋಯಿತು. ಕಷ್ಟದ ಹೆರಿಗೆ ಆದಾಗ ತಾರೀಖು, ದುಡ್ಡು ಎಲ್ಲ ಪಕ್ಕಕ್ಕಿಟ್ಟು ಕುದುರೆಯನ್ನು ಸುಮ್ಮನೆ ಬಿಡಬೇಕು, ಅದರಲ್ಲಿ ಎರಡು ಮಾತಿಲ್ಲ.

ವಯಸ್ಸಿನ ಪ್ರಕಾರ ನನ್ನ ಲೆಕ್ಕ

ಐದಾರು ವರ್ಷಕ್ಕೆ ರೇಸ್ ಬಿಟ್ಟ ಕುದುರೆಗೆ ಮೊದಲು ಕೆಲವು ತಿಂಗಳು ಹುಲ್ಲುಗಾವಲು ಬೇಕು, ತರಬೇತಿಯ ಬಿಗಿ ಇಳಿಯಬೇಕು. ಅಲ್ಲಿಂದ ಹದಿಮೂರು ಹದಿನಾಲ್ಕರವರೆಗೆ ಪ್ರತಿ ವರ್ಷ ಹಾರಿಸಬಹುದು, ಏಪ್ರಿಲ್ ಕೊನೆ ದಾಟಿ ಈದ ವರ್ಷ ಮಾತ್ರ ಖಾಲಿ ಬಿಡುವ ವಿಷಯ ಯೋಚಿಸಿ. ಎರಡು ವರ್ಷದ ರೇಸ್ ಗುರಿ ಇಲ್ಲದೆ, ದೂರದ ಓಟಕ್ಕೆ, ನಿಮಗೇ ಓಡಿಸಲು ಮರಿ ಬೆಳೆಸುತ್ತಿದ್ದರೆ ಮೇ ತಿಂಗಳ ಮರಿಯೂ ನಡೆಯುತ್ತದೆ. ಹರಾಜಿಗಾದರೆ ನಾನು ಇನ್ನೂ ಬಿಗಿ ಹಿಡಿಯುತ್ತೇನೆ.

ಹದಿನೈದು ದಾಟಿದ ಮೇಲೆ ಲೆಕ್ಕ ತಿರುಗುತ್ತದೆ. ಆಗ ಬಿಡುವು ಅಂದರೆ ಉಳಿದಿರುವ ಕೆಲವೇ ಅವಕಾಶಗಳಲ್ಲಿ ಒಂದನ್ನು ಬಿಟ್ಟುಕೊಡುವುದು. ಅಂಡದ ಗುಣಮಟ್ಟ ಇಳಿಯುತ್ತಿರುತ್ತದೆ, ಗರ್ಭಕೋಶದ ಒಳಪದರದಲ್ಲಿ ಗಾಯದ ಗುರುತುಗಳು ಕೂಡುತ್ತಿರುತ್ತವೆ, ಖಾಲಿ ನಿಂತರೂ ಅದು ನಿಲ್ಲುವುದಿಲ್ಲ. ತುಂಬಾ ಒಳ್ಳೆ ವಂಶದ ಕುದುರೆಯಾದರೆ ಆ ಒಳಪದರದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾಡಿಸಿ. ಒಂದನೇ ದರ್ಜೆ ಬಂದರೆ ಧೈರ್ಯವಾಗಿ ಮುಂದುವರಿಯಿರಿ, ಮೂರನೇ ದರ್ಜೆ ಬಂದರೆ ನೂರಕ್ಕೆ ಹತ್ತರಷ್ಟೇ ಮರಿ ಹೊತ್ತು ತರುತ್ತವೆ, ಅಂಥ ಕುದುರೆಗೆ ದುಬಾರಿ ಕವರಿಂಗ್ ಫೀ, ಅಂದರೆ ಬೀಜದ ಕುದುರೆ ಹಾರಿಸಲು ಕೊಡುವ ದುಡ್ಡು, ಕಟ್ಟುವುದು ಜೂಜು. ಅಮೆರಿಕದ ಹೆಸರಾಂತ ರೇಸ್ ಕುದುರೆ ಸೆಕ್ರೆಟೇರಿಯಟ್‌ನ ತಾಯಿ ಸಮ್‌ಥಿಂಗ್‌ರಾಯಲ್ ಅದನ್ನು ಹಾಕಿದಾಗ ಹದಿನೆಂಟು ವರ್ಷದ್ದು, ಹಾಗಂತ ಆ ಹೆಸರು ಹೇಳಿಕೊಂಡು ಮುದಿ ಕುದುರೆ ಮಾರುವವರಿಂದ ದೂರ ಇರಿ.

ಫೀ ಕಟ್ಟುವ ಮೊದಲು ಒಪ್ಪಂದದ ಷರತ್ತು ಓದಿ. ಬ್ರಿಟನ್, ಐರ್ಲೆಂಡ್‌ಗಳಲ್ಲಿ ಅಕ್ಟೋಬರ್ 1ಕ್ಕೆ ಕುದುರೆ ಗಬ್ಬ ಇದ್ದರೆ ದುಡ್ಡು ಕೊಡಬೇಕು ಅನ್ನುವ ಪದ್ಧತಿ ಇದೆ, ಕೆಂಟಕಿಯಲ್ಲಿ ಮರಿ ಹುಟ್ಟಿ, ಎದ್ದು ನಿಂತು, ಹಾಲು ಕುಡಿದ ಮೇಲೆ. ಈದ ಬೆದೆಯಲ್ಲಿ ಹಾರಿಸುವುದಾದರೆ ಗಬ್ಬ ಕಳೆದುಕೊಳ್ಳುವ ಅಪಾಯ ಜಾಸ್ತಿ ಇರುವುದರಿಂದ ಈ ಎರಡರ ನಡುವಿನ ವ್ಯತ್ಯಾಸ ನಿಮ್ಮ ಜೇಬಿಗೆ ನೇರವಾಗಿ ತಟ್ಟುತ್ತದೆ. ಪಾಲುದಾರರು ಇದ್ದರೆ ಖಾಲಿ ವರ್ಷದ ಮೇವು, ಲಾಯದ ಖರ್ಚು ಯಾರು ಎಷ್ಟು ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಫಾರ್ಮ್‌ನಿಂದ ಪ್ರತಿ ಹೆರಿಗೆಯ ತಾರೀಖು, ಗಬ್ಬದ ದಿನಗಳು, ಮಾಸು ಬಿದ್ದ ಸಮಯ, ಯಾವ ಬೆದೆಯಲ್ಲಿ ನಿಂತಿತು, ಇಷ್ಟನ್ನು ಕೇಳಿ ಪಡೆಯಿರಿ. ನಿಮ್ಮ ಕುದುರೆ 330 ದಿನದ್ದಾ 355 ದಿನದ್ದಾ ಅಂತ ಎರಡು ಸೂಲಿನಲ್ಲೇ ಒಂದು ಅಂದಾಜು ಸಿಗುತ್ತದೆ, ಮೇಲಿನ 25 ದಿನದ ಲೆಕ್ಕವನ್ನು ಅದಕ್ಕೆ ತಕ್ಕ ಹಾಗೆ ಬದಲಾಯಿಸಿಕೊಳ್ಳಿ. 355 ದಿನ ಹೊರುವ ಕುದುರೆಗೆ ಕೈಯಲ್ಲಿ ಉಳಿಯುವುದು ಹತ್ತೇ ದಿನ, ಅದಕ್ಕೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಖಾಲಿ ವರ್ಷ ಬಂದೇ ಬರುತ್ತದೆ, ಬಜೆಟ್‌ನಲ್ಲಿ ಅದನ್ನು ಈಗಲೇ ಸೇರಿಸಿಬಿಡಿ.